ಕೆಂಪವ್ವನ ನಡು ಎಳೆಯುವ ಮಂಚ

ಆ ಮಂಚ ಮಾಡಿದವನು ನಾನೇ. ಸಿಟ್ಟು ಇಷ್ಟಿರುವುದೂ ಅದಕ್ಕೇ. ಬೇರೆ ಯಾರಾದರೂ ಮಾಡಿದ್ದರೆ ಓಣಿಯ ಮಾತು ಅಂತ ಕೇಳಿ ಸುಮ್ಮನಾಗುತ್ತಿದ್ದೆ. ಬೈಲಹೊಂಗಲದ ಅರಳೆ ಪೇಟೆಯ ಹಿಂದಿನ ಓಣಿಯಲ್ಲಿ ನನ್ನದು ಬಡಿಗತನ. ಬಾಗಿಲು, ಚೌಕಟ್ಟು, ತೊಟ್ಟಿಲು, ಚಕ್ಕಡಿಯ ಗಾಲಿ, ಏನೆಲ್ಲಾ ಮಾಡಿದ್ದೇನೆ. ಒಬ್ಬರಿಗೆಂದು ಮಾಡಿದ್ದು ಆ ಒಬ್ಬರನ್ನು ಬಿಟ್ಟು ಉಳಿದ ಊರಿಗೆಲ್ಲಾ ಉಪಯೋಗಕ್ಕೆ ಬಂದದ್ದನ್ನು ಮಾತ್ರ ಆಗಲೇ ಮೊದಲು ನೋಡಿದ್ದು.

ಕೆಂಪವ್ವ ನಮ್ಮ ಎದುರು ಮನೆಯವಳು, ನನ್ನ ದೋಸ್ತ ಲಗಮಣ್ಣನ ಹೆಂಡತಿ. ಪೇಟೆಯ ಖಾನಾವಳಿಗೆ ದಿನಾ ನೂರೈವತ್ತು ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ಹದಿನಾಲ್ಕು ವರ್ಷ. ಅವಳ ರೊಟ್ಟಿಯ ಸಪ್ಪಳಕ್ಕೆ ನಾವು ಏಳುತ್ತಿದ್ದೆವು. ಎಪ್ಪತ್ತೈದನೇ ಇಸವಿಯ ದೀಪಾವಳಿ ಮುಗಿದ ಮೇಲೆ ಆ ಸಪ್ಪಳ ನಿಂತಿತು. ನಡು ಹಿಡಿದುಕೊಂಡಿತು ಅಂದರು. ನಡುವಿನಿಂದ ಇಳಿದ ನೋವು ಎಡಗಾಲಿಗೆ ಹೋಗಿ, ಕಾಲು ಜೋಮು ಹಿಡಿದು, ನಡೆಯುವಾಗ ಚಪ್ಪಲಿ ಜಾರಿ ಹಿಂದೆ ಬಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹಿಂದೆ ಬಂದವರು ಎತ್ತಿ ಕೊಡಬೇಕು.

ಬೆಳಗಾವಿಯ ಡಾಕ್ಟರು ಬೆನ್ನಿನ ಫೋಟೋ ತೆಗೆಸಿ, ಬೆನ್ನಹುರಿಯ ಹತ್ತಿರ ನರ ಸಿಕ್ಕಿಕೊಂಡಿದೆ, ನಡು ಎಳೆಸಬೇಕು ಎಂದರು. ದವಾಖಾನೆಯಲ್ಲಿ ಮಲಗುವುದು ಆಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಿ ಎಂದು ಕಾಗದದ ಮೇಲೆ ಚಿತ್ರ ಬರೆದು ಕೊಟ್ಟರು. ಕ್ಯಾನ್ವಾಸಿನ ನಡುಪಟ್ಟಿ, ಅದಕ್ಕೆ ಹಗ್ಗ, ಹಗ್ಗ ಹಾಯಲು ಬಾವಿಯ ರಾಟೆಯಂಥ ಒಂದು ಗಡಗಡಿ, ಹಗ್ಗದ ತುದಿಗೆ ಐದು ಇಟ್ಟಂಗಿ. ಮಂಚದ ಕಾಲಿನ ಕಡೆ ಎತ್ತರ ಇರಬೇಕು, ಇಲ್ಲದಿದ್ದರೆ ಇಟ್ಟಂಗಿಯ ಭಾರಕ್ಕೆ ಮನುಷ್ಯ ಜಾರಿಕೊಂಡು ಹೋಗುತ್ತಾನೆ. ಮುಂಜಾನೆ ಅರ್ಧ ತಾಸು, ಸಂಜೆ ಅರ್ಧ ತಾಸು, ಇಪ್ಪತ್ತೊಂದು ದಿನ. ಅಷ್ಟಕ್ಕೂ ಕಾಲಿಗೆ ಜೀವ ಬರದಿದ್ದರೆ ಮಿರಜಕ್ಕೆ ಹೋಗಿ ಬೆನ್ನು ಕೊಯ್ಯಿಸಿಕೊಳ್ಳಬೇಕು. ಈ ಕಡೆಯ ಮಾತು ಕೇಳಿದ ದಿನದಿಂದ ಕೆಂಪವ್ವನ ಗಂಟಲಲ್ಲಿ ತುತ್ತು ಇಳಿಯಲಿಲ್ಲವಂತೆ. "ಬೆನ್ನ ಕೊಯ್ಸಿಕೊಂಡು ಮತ್ತ ಎದ್ದು ಕುಂತು ರೊಟ್ಟಿ ಬಡದವ್ರು ಯಾರರ ಅದಾರೇನು ಕೃಷ್ಣಕ್ಕಾ?" ಎಂದು ನನ್ನ ಹೆಂಡತಿಯನ್ನು ಕೇಳಿದ್ದಳು.

ನಾನು ಎರಡು ದಿನದಲ್ಲಿ ಮಂಚ ಮಾಡಿದೆ. ಗಟ್ಟಿ ಹಲಗೆ ಹೊಡೆದೆ, ಕಾಲಿನ ಕಡೆ ಒಂಬತ್ತಿಂಚು ಎತ್ತರ ಇಟ್ಟೆ, ಹಗ್ಗ ಎರಡೂ ಕಡೆ ಸಮ ಎಳೆಯಲಿ ಅಂತ ಪಟ್ಟಿಯ ಕೆಳಗೆ ಅಡ್ಡಕೋಲು ಕೊಟ್ಟೆ. ಇನ್ನು ಗಡಗಡಿ ಎಲ್ಲಿ ಹೊಡೆಯುವುದು? ಮಂಚವನ್ನು ಲಗಮಣ್ಣನ ಮನೆಗೆ ಹೊತ್ತುಕೊಂಡು ಹೋಗಿ, "ಅಡಗಿ ಮನ್ಯಾಗ ಹಾಕೂಣೇನು?" ಎಂದೆ.

"ಅಲ್ಲಿ ಒಲಿ, ಹಿಟ್ಟಿನ ಡಬ್ಬಿ, ಎಲ್ಲಿ ಜಾಗಾ ಐತಿ ದೋಸ್ತ? ಪಡಸಾಲ್ಯಾಗ ಕಂಬ ಐತೆಲ್ಲ, ಇಲ್ಲೇ ಭೇಷ್ ಆಗತೈತಿ," ಎಂದ ಲಗಮಣ್ಣ.

ಅವನ ಅಪ್ಪ ಗಂಗಪ್ಪಜ್ಜ ಕಂಬಳಿಯ ಮೇಲೆ ಕುಳಿತಲ್ಲಿಂದಲೇ, "ತೇಗದ ಕಂಬ ತಮ್ಮಾ, ನಮ್ಮಪ್ಪ ನಿಲ್ಲಿಸಿದ್ದು. ಐದಲ್ಲ, ಐವತ್ತ ಇಟ್ಟಂಗಿ ತೂಗಿದ್ರೂ ಮಿಸುಕೂದಿಲ್ಲ," ಎಂದ.

ಕಂಬ ತಡೆಯುತ್ತದೆಯೇ ಅಂತ ನಾವು ಮೂವರು ಗಂಡಸರು ಗುದ್ದಿ ಗುದ್ದಿ ನೋಡಿದೆವು. ಕೆಂಪವ್ವ ಒಳಬಾಗಿಲ ಮರೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು. ಆ ಮನೆಯಲ್ಲಿ ಸೊಸೆ ಮಾವನ ಎದುರು ಕೂಡುವುದಿಲ್ಲ. ಬಂದು ಹತ್ತೊಂಬತ್ತು ವರ್ಷವಾದರೂ ಪಡಸಾಲೆ ದಾಟುವಾಗ ಸೆರಗು ಹಣೆಯವರೆಗೆ ಎಳೆದುಕೊಂಡೇ ದಾಟುತ್ತಾಳೆ. ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮ ಮನೆಯ ರೀತಿಯೂ ಅದೇ. ಅಂಥ ಹೆಣ್ಣುಮಗಳು ಮಾವನ ಕಣ್ಣೆದುರಿಗೆ ಅಂಗಾತ ಮಲಗಿ, ಕಾಲು ಮೇಲೆ ಮಾಡಿ, ನಡುವಿಗೆ ಪಟ್ಟಿ ಕಟ್ಟಿಸಿಕೊಂಡು ಅರ್ಧ ತಾಸು ಇರುವುದು ಹೇಗೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಂಬ ಗಟ್ಟಿ ಇದೆ ಅಂತ ಹೊಳೆಯಿತು. ಗಡಗಡಿ ಹೊಡೆದೆ.

"ಮದಲ ನಾ ನೋಡತೇನಿ ತಡಿ," ಎಂದ ಲಗಮಣ್ಣ. "ಹಗ್ಗಾ ಗಿಗ್ಗಾ ಹರದ್ರ ಆಕಿಗೆ ಪೆಟ್ಟಾದೀತು."

ಮಲಗಿದ. ಪಟ್ಟಿ ಬಿಗಿದು ಇಟ್ಟಂಗಿ ತೂಗುಬಿಟ್ಟೆ. ಲಗಮಣ್ಣ ಕಣ್ಣು ಮುಚ್ಚಿದ. "ಅಯ್ಯಯ್ಯಯ್ಯ! ಭರಮ್ಯಾ, ಏನ್ ಮಾಡೀಯೋ ಇದನ್ನ! ಅರಳಿ ಜಿನ್ನಿನ್ಯಾಗ ರಾತ್ರಿ ಪೂರಾ ಕಾವಲಾ ಕುಂತ ನಡಾ ಹೂ ಆತು ನೋಡು!" ಅಂತ ಒದರಿದ. ಅರ್ಧ ತಾಸು ಕಳೆದ ಮೇಲೆ ಗಂಗಪ್ಪಜ್ಜ, "ನನಗೂ ಒಂದೀಟ ಕಟ್ಟರಿ," ಎಂದ. ಅವನದು ಮುಗಿಯುವಷ್ಟರಲ್ಲಿ ಕಿರಾಣಿ ಅಂಗಡಿ ಹಣಮಂತಪ್ಪ, ಏನು ಗದ್ದಲ ಅಂತ ಹಣಿಕಿ ಹಾಕಿದ. "ಸಂಜೀಕ ನೀ ಮಲಗೀಯಂತ, ಸದ್ಯ ಚಾ ಮಾಡು," ಎಂದು ಲಗಮಣ್ಣ ಒಳಗೆ ಕೂಗಿ ಹೇಳಿದ.

ಆ ಸಂಜೆಯೂ ಬರಲಿಲ್ಲ, ಮರುದಿನದ ಸಂಜೆಯೂ ಬರಲಿಲ್ಲ. ನಮ್ಮ ಊರಲ್ಲಿ ನಡು ನೋಯದ ಗಂಡಸು ಯಾರಿದ್ದಾನೆ ಹೇಳಿ. ಅರಳೆಯ ಅಂಡಿಗೆ ಹೊತ್ತವನಿಗೆ ನೋವು, ತಕ್ಕಡಿ ಮುಂದೆ ಕುಂತವನಿಗೆ ನೋವು, ಏನೂ ಮಾಡದೆ ಕಟ್ಟೆ ಮೇಲೆ ಕುಂತವನಿಗೆ ಎಲ್ಲರಿಗಿಂತ ಹೆಚ್ಚು ನೋವು. ಬಂದರು. ಸಂಪಗಾಂವದಿಂದ ಸಂತೆಗೆ ಬಂದವರು ಸಂತೆ ಮುಗಿಸಿ ಬಂದರು. ಲಗಮಣ್ಣ ಬಾಗಿಲಲ್ಲೇ ಡಾಕ್ಟರನ ಹಾಗೆ, "ಈಗ ಉಂಡ ಬಂದೀರೇನು? ಹಂಗಾರ ಒಂದ ತಾಸು ತಡದು ಮಲಗ್ರಿ. ನೀವು ಭಾಳ ದಪ್ಪ ಅದೀರಿ, ನಿಮಗ ಏಳ ಇಟ್ಟಂಗಿ," ಎನ್ನುತ್ತಿದ್ದ. ಬಂದವರಿಗೆಲ್ಲಾ ಚಹಾ. ಚಹಾ ಮಾಡುವವಳು ಕೆಂಪವ್ವ. ಕುಡಿದವರು ಹೇಳುವ ಮಾತು ಕೇಳಬೇಕು: "ಕೆಂಪವ್ವನ ನಶೀಬ ಚಲೋ ನೋಡ್ರಿ, ಮನ್ಯಾಗ ದವಾಖಾನಿ ಐತಿ."

ನನ್ನದನ್ನೂ ಮುಚ್ಚಿಡುವುದಿಲ್ಲ. ಜನ ಅದಕ್ಕೆ ಭರಮಪ್ಪನ ಮಂಚ ಅಂತ ಹೆಸರಿಟ್ಟರು, ಮುನವಳ್ಳಿಯವನೊಬ್ಬ ತನಗೂ ಅಂಥದೊಂದು ಬೇಕು ಎಂದ, ನನ್ನ ಎದೆ ಉಬ್ಬಿತು. ದಿನಾ ಹೋಗಿ ಗಡಗಡಿಗೆ ಎಣ್ಣೆ ಬಿಟ್ಟು, ಚಹಾ ಕುಡಿದು ಬರುತ್ತಿದ್ದೆ. ಕಪ್ಪು ಇಟ್ಟು ಒಳಗೆ ಹೋಗುವಾಗ ಕೆಂಪವ್ವ ಚೌಕಟ್ಟು ಹಿಡಿದು ನಿಂತು ಹಲ್ಲು ಕಚ್ಚಿದ್ದನ್ನು ಈ ಕಣ್ಣಿನಿಂದಲೇ ನೋಡಿದೆ. ಇನ್ನೂ ಆರಾಮಾಗಿಲ್ಲ, ಆಗುತ್ತದೆ ಅಂದುಕೊಂಡೆ.

ಇಪ್ಪತ್ತೊಂದು ದಿನ ಮುಗಿದ ಮೇಲೆ ಬೆಳಗಾವಿಗೆ ಹೋದರು. ಹೆಂಗಸಿನ ಜೊತೆಗೆ ಹೆಂಗಸು ಇರಲಿ ಅಂತ ನನ್ನ ಹೆಂಡತಿ ಕೃಷ್ಣವ್ವನೂ ಹೋದಳು. ಮುಸ್ಸಂಜೆಯ ಹೊತ್ತಿಗೆ ತಿರುಗಿ ಬಂದವಳು ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ, ನನ್ನ ಉಳಿಯ ಪೆಟ್ಟಿಗೆಯ ಎದುರೇ ಬಂದು ನಿಂತಳು.

"ಕೆಂಪವ್ವನ ಮಿರಜಕ್ಕ ಕಳಸತಾರಂತ. ಮುಂದಿನ ಸೋಮವಾರ. ಚೀಟಿ ಬರದ ಕೊಟ್ರು."

"ಯಾಕ? ಎಳಸಿದ್ದು ಫಾಯದೆ ಆಗಲಿಲ್ಲೇನು?"

"ಯಾರಿಗೆ ಎಳಸಿದ್ದು?" ಎಂದಳು ಕೃಷ್ಣವ್ವ. "ಡಾಕ್ಟರ್ ಕೇಳಿದ್ರು, ದಿನಾ ಎರಡ ಹೊತ್ತು ತಪ್ಪಲಾರದ ಮಾಡೀರೇನು ಅಂತ. ಆಕಿ ಬಾಯಿ ತಗಿಯೂದ್ರಾಗ ನಿಮ್ಮ ದೋಸ್ತ ಅಂತಾನ, ತಪ್ಪೂದ ಎಲ್ಲೀದ್ರಿ ಸಾಹೇಬ್ರ, ನಮ್ಮ ಮನ್ಯಾಗ ಆ ಮಂಚ ಖಾಲಿ ಇರೂದ ಇಲ್ಲರಿ! ಡಾಕ್ಟರ್ ಅಂದ್ರು, ಇಷ್ಟ ಮಾಡಿದ್ರೂ ಕಾಲಿಗೆ ಜೀವ ಬಂದಿಲ್ಲ ಅಂದಮ್ಯಾಲ ಇದರಿಂದ ಆಗೂದಿಲ್ಲ, ಕೊಯ್ಯೂದ ಗತಿ."

"ಮತ್ತ ಕೆಂಪವ್ವ ಯಾಕ ಸುಮ್ನ ಕುಂತ್ಲು?"

"ಗಂಡ ಬಾಜೂಕ ಕುಂತಾನ. ಅಷ್ಟ ದೊಡ್ಡ ಡಾಕ್ಟರ್ ಮುಂದ ನನ್ನ ಗಂಡ ಸುಳ್ಳ ಹೇಳತಾನ್ರಿ ಅನ್ನಬೇಕೇನು ಆಕಿ? ಬಸ್ಸಿನ್ಯಾಗ ನನ್ನ ಹೆಗಲಿಗೆ ಹಣಿ ಹಚ್ಚಿ ಅತ್ತಳು. ಎಷ್ಟ ಸಲ ಮಲಗ್ಯಾಳ ಗೊತ್ತೈತೇನ ನಿಮಗ? ನಾಕು! ಮಾವ ಗುಡಿಗೆ ಹೋದಾಗ ಕದ್ದು ನಾಕ ಸಲ. ಅದರಾಗೂ ಒಮ್ಮಿ ಪಟ್ಟಿ ಕಟಗೊಂಡ ಮಲಗ್ಯಾಳ, ಹೊರಗ ಯಾರೋ ಕೆಮ್ಮಿದ್ರು. ಗಡಬಡಿಸಿ ಏಳಾಕ ಹೋಗಿ ನಡಾ ಇನ್ನೊಂದಿಷ್ಟ ಹಿಡಕೊಂತು."

"ಅಲ್ಲಾ, ಗಟ್ಟ್ಯಾಗಿ ಹೇಳಿ ಮಲಗಬೇಕಿಲ್ಲೋ..." ಎಂದೆ ನಾನು. ಏನಾದರೂ ಅನ್ನಬೇಕಲ್ಲ.

"ನಿಮ್ಮಪ್ಪಾರು ಇದ್ದಾಗ ನಾ ಒಂದ ದಿನ ಪಡಸಾಲ್ಯಾಗ ಅಡ್ಡಾಗಿದ್ನೇನು? ಜ್ವರ ಬಂದ್ರೂ ಒಲಿ ಮುಂದ ಮುದುಡಿ ಬಿದ್ದಿರತಿದ್ದೆ. ನೀವು ನೋಡಿಲ್ಲ? ಕಂಬಕ್ಕ ಗಡಗಡಿ ಹೊಡಿಯೂ ಮುಂದ ತಲಿ ಎಲ್ಲಿಟ್ಟಿದ್ರಿ?"

ಒಬ್ಬ ಹೆಣ್ಣುಮಗಳ ಬೆನ್ನಿಗೆ ಕತ್ತಿ ಹಾಕಿಸುತ್ತಿದ್ದೇವೆ. ರೋಗಕ್ಕಲ್ಲ, ಲಗಮಣ್ಣನ ಬಡಾಯಿಗೆ, ಮಾವನ ಮರ್ಯಾದೆಗೆ, ನನ್ನ ಗಡಗಡಿಗೆ. ಬೇರೆಯವರು ಮಲಗಿದ್ದನ್ನೆಲ್ಲಾ ಅವಳ ಲೆಕ್ಕಕ್ಕೆ ಹಿಡಿದು, ನಿನಗೆ ಗುಣವಾಗಲಿಲ್ಲ, ಬಾ ಕೊಯ್ಯುತ್ತೇವೆ ಅನ್ನುವುದು ಯಾವ ಊರಿನ ನ್ಯಾಯ?

ಮರುದಿನ ಮುಂಜಾನೆ ಹಲಗೆ ಹೆರೆಯುತ್ತಿದ್ದ ರಂದವನ್ನು ಅಲ್ಲೇ ಬಿಟ್ಟು ಎದುರು ಮನೆಗೆ ಹೋದೆ. ಹಿಂದೆ ಕೃಷ್ಣವ್ವನೂ ಬಂದಳು. ಮಂಚದ ಮೇಲೆ ರಾಮದುರ್ಗದ ಬಸ್ಸಿನ ಡ್ರೈವರ ಶಟ್ಟೆಪ್ಪ, ಖಾಕಿ ಅಂಗಿ ಬಿಚ್ಚಿ, ಎಂಟು ಇಟ್ಟಂಗಿ ತೂಗುಬಿಟ್ಟುಕೊಂಡು ಮಲಗಿದ್ದ. ಬಸ್ಸು ನಿಲ್ದಾಣದಲ್ಲಿ ಜನ ತುಂಬಿಕೊಂಡು ನಿಂತಿದೆ, ಕಂಡಕ್ಟರು ಲಗಮಣ್ಣನ ಬಾಗಿಲಲ್ಲಿ ನಿಂತು, "ಲಗೂ ಮುಗಸೋ ಮಾರಾಯಾ, ಮುದುಕ್ಯಾರು ನನ್ನ ತಿನ್ನಾಕತ್ತಾರ," ಅನ್ನುತ್ತಿದ್ದಾನೆ. ಹಣಮಂತಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತನ್ನ ಪಾಳಿ ಕಾಯುತ್ತಿದ್ದಾನೆ. ಗಂಗಪ್ಪಜ್ಜ ಎಲೆಗೆ ಸುಣ್ಣ ಹಚ್ಚುತ್ತಿದ್ದಾನೆ.

"ಲಗಮ್ಯಾ, ಬಿಚ್ಚ ಅದನ್ನ," ಎಂದೆ.

"ಯಾಕೋ? ಹಗ್ಗ ಸಡಲ ಆಗೇತೇನು?"

"ನಿನ್ನ ನಾಲಿಗಿ ಸಡಲ ಆಗೇತಿ. ಡಾಕ್ಟರ್ ಮುಂದ ಏನ್ ಹೇಳಿ ಬಂದಿ? ಯಾರ ಮಲಗಿದ್ದನ್ನ ಯಾರ ಹೆಸರೀಲೆ ಹೇಳಿ ಬಂದಿ?"

ಲಗಮಣ್ಣ ಪೆಚ್ಚು ನಕ್ಕ. "ಮಂಚ ಖಾಲಿ ಇರೂದಿಲ್ಲ ಅಂದೆ. ಅದರಾಗ ಸುಳ್ಳ ಏನೈತಿ? ನಡಾ ನೋಯತೈತಿ ಅಂತ ಮನೀಗೆ ಬಂದವ್ರಿಗೆ ಒಲ್ಲೆ ಅಂತ ಹೆಂಗ ಅನ್ನೂದು?"

"ನಿನ್ನ ಹೆಂಡ್ತಿ ನಡಾ?"

"ಆಕಿಗೆ ಯಾರ ಬ್ಯಾಡ ಅಂದಾರ? ಮಂಚ ಇಲ್ಲೇ ಐತಿ, ಇಟ್ಟಂಗಿ ಇಲ್ಲೇ ಅದಾವು. ನಾ ದಿನಾ ಅಂತೇನಿ, ಮಲಗ ಮಲಗ ಅಂತ. ಆಕಿನ ಒಲ್ಲೆ ಅಂತಾಳ!"

"ಭರಮಪ್ಪ," ಎಂದ ಗಂಗಪ್ಪಜ್ಜ, ಎಲೆಯಿಂದ ಕಣ್ಣು ಎತ್ತದೆ. "ಮನಿ ಹೆಣಮಕ್ಕಳ ಮಾತು ಪಡಸಾಲ್ಯಾಗ ಬ್ಯಾಡ."

ಆಗ ಒಳಗಿನಿಂದ ಕಪ್ಪು ಬಸಿಯ ಸಪ್ಪಳ ಬಂತು. ಕೆಂಪವ್ವ ತಾಟಿನಲ್ಲಿ ಐದು ಕಪ್ಪು ಚಹಾ ಇಟ್ಟುಕೊಂಡು ಹೊರಗೆ ಬಂದಳು. ಎಡಗಾಲು ನೆಲಕ್ಕೆ ಎಳೆಯುತ್ತಿತ್ತು. ಬಾಗಿ ಕೆಳಗಿಡಲಿಕ್ಕೆ ಆಗುವುದಿಲ್ಲ. ಯಾರಾದರೂ ಇಸಿದುಕೊಳ್ಳುತ್ತಾರೆ ಅಂತ ನಿಂತಳು. ಯಾರೂ ಕೈ ಚಾಚಲಿಲ್ಲ. ಅವಳು ಗಂಡನ ಹತ್ತಿರ ಹೋಗಿ ತಾಟನ್ನು ಅವನ ಎರಡೂ ಕೈಯಲ್ಲಿ ಇಟ್ಟಳು. ಆಮೇಲೆ ಮಾತಾಡಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಪಡಸಾಲೆಯಲ್ಲಿ ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

"ಮಾವಾರ, ತಪ್ಪ ತಿಳೀಬ್ಯಾಡ್ರಿ. ಮನಿ ಹೆಣಮಕ್ಕಳ ಮಾತು ಪಡಸಾಲ್ಯಾಗ ಬ್ಯಾಡ ಅಂದ್ರಿ. ಮನಿ ಹೆಣಮಕ್ಕಳ ನಡಪಟ್ಟಿ ಪಡಸಾಲ್ಯಾಗ ಯಾಕ ಐತ್ರಿ ಮತ್ತ? ನನ್ನ ಪಟ್ಟಿ ಊರ ಗಂಡಸರ ಹೊಟ್ಟೀಗೆಲ್ಲಾ ಸುತ್ತಿ ಬಂತು. ಆವಾಗ ಈ ಮನ್ಯಾಗ ಯಾರಿಗೂ ನಾಚಿಕಿ ಆಗಲಿಲ್ಲ. ನಾ ಸುತಗೊಂಡ್ರ ಅಷ್ಟ ಆಗತೈತೇನ್ರಿ?"

ಅವಳು ಮಂಚದ ಕಡೆ ತಿರುಗಿದಳು.

"ಯಣ್ಣಾ, ನಿಮ್ಮ ಬಸ್ಸಿನ ಮಂದಿ ಒದರಾಕತ್ತಾರ. ಏಳ್ರಿ."

"ಏಳತೇನವ್ವಾ, ಏಳತೇನಿ. ಇಟ್ಟಂಗಿ ಇಳಸ್ರೆಪಾ ಯಾರರ!" ಅಂತ ಶಟ್ಟೆಪ್ಪ ಕಟ್ಟಿಹಾಕಿದ ಹೋರಿಯ ಹಾಗೆ ಒದ್ದಾಡಿದ. ನಾನೇ ಇಳಿಸಿದೆ. ಅವನು ಅಂಗಿ ಕೈಯಲ್ಲಿ ಹಿಡಿದುಕೊಂಡೇ ಕಂಡಕ್ಟರನ ಹಿಂದೆ ಓಡಿದ.

ಕೆಂಪವ್ವ ಮಂಚದ ಮೇಲೆ ಕುಳಿತಳು, ಪಕ್ಕಕ್ಕೆ ಒರಗಿ, ನಿಧಾನವಾಗಿ ಅಂಗಾತ ಮಲಗಿದಳು. ಕೃಷ್ಣವ್ವ ಅವಳ ಸೀರೆ ಸರಿ ಮಾಡಿ ಪಟ್ಟಿ ಬಿಗಿಯಲು ಹೋದಳು. ಆ ಪಟ್ಟಿಯನ್ನು ನಾನು ಸರಿಯಾಗಿ ನೋಡಿದ್ದೇ ಆಗ. ಹೊರಗಿನ ತೂತುಗಳೆಲ್ಲಾ ಎಳೆದೆಳೆದು ಬಾಯಿ ಬಿಟ್ಟಿದ್ದವು. ಕೆಂಪವ್ವನ ಸಣ್ಣ ನಡುವಿಗೆ ಬೇಕಾದ ಒಳಗಿನ ತೂತು, ಕದ್ದು ಮಲಗಿದ ನಾಲ್ಕು ಸಲವೂ ಅವಳು ಅವಸರಕ್ಕೆ ಗಂಟು ಹಾಕಿಕೊಂಡಿದ್ದಕ್ಕೆ, ಅಂಗಡಿಯಿಂದ ಬಂದಾಗ ಇದ್ದ ಹಾಗೇ ಇತ್ತು. ಬಕಲಿನ ಕಡ್ಡಿ ಹೋಗದೆ, ಮನೆಯಿಂದ ಉಳಿ ತಂದು ಅದರ ತುದಿಯಿಂದ ದೊಡ್ಡದು ಮಾಡಬೇಕಾಯಿತು.

ಹಣಮಂತಪ್ಪ ಮಾಳಿಗೆಯ ತೊಲೆ ಎಣಿಸಿದ, ಟವೆಲ್ ಕೊಡವಿದ, "ಅಂಗಡಿ ತಗದ ಬಂದೇನಿ..." ಅನ್ನುತ್ತಾ ಹೋದ. ಗಂಗಪ್ಪಜ್ಜ ಕೋಲು ಊರಿ ಎದ್ದು ನಿಂತ. ಗೋಡೆಯ ಕಡೆ ಮುಖ ಮಾಡಿ, "ಈ ಮನ್ಯಾಗ ನಾ ಇರಬೇಕೋ ಬ್ಯಾಡೋ?" ಎಂದ.

"ಇರ್ರಿ ಮಾವಾರ," ಎಂದಳು ಕೆಂಪವ್ವ, ತಲೆ ಕೆಳಗಾಗಿ ಮಲಗಿದಲ್ಲಿಂದಲೇ. "ಮುಂಜಾನೆ ಅರ್ಧಾ ತಾಸು, ಸಂಜೀಕ ಅರ್ಧಾ ತಾಸು. ಉಳದ ಹೊತ್ತೆಲ್ಲಾ ನಿಮ್ಮದ ಐತಿ."

ಅಜ್ಜ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲಾ ಕೇಳುವಂತೆ ಕಾಲ ಕೆಟ್ಟಿತು ಎಂದ. ನಾನು ಇಟ್ಟಂಗಿ ಒಂದೊಂದೇ ತೂಗುಬಿಟ್ಟೆ. ಐದು. ಹಗ್ಗ ಬಿಗಿಯಿತು. ಕೆಂಪವ್ವ ಮುಂಗೈ ಕಣ್ಣಿನ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತಿನ ಮೇಲೆ ಒಂದು ಉಸಿರು ಬಿಟ್ಟಳು.

ಲಗಮಣ್ಣ ಆರಿದ ಚಹಾದ ತಾಟು ಹಿಡಿದುಕೊಂಡು ನಿಂತೇ ಇದ್ದ.

"ರೀ," ಎಂದಳು ಕೆಂಪವ್ವ, ಕಣ್ಣು ತೆರೆಯದೆ. "ನಾಳೆ ಬೆಳಗಾವಿಗೆ ಹೋಗ್ರಿ. ಡಾಕ್ಟರಿಗೆ ಖರೇ ಹೇಳಿ ಬರ್ರಿ. ಯಾರ್ಯಾರ ಮಲಗಿದ್ರು ಅಂತ ಹೆಸರ ಹಿಡದ ಹೇಳ್ರಿ."

"ಏ, ಅದನ್ನ ಹೆಂಗ ಹೇಳಲಿ? ಅಷ್ಟ ದೊಡ್ಡ ಮನಷ್ಯಾನ ಮುಂದ ನನ್ನ ಇಜ್ಜತ..."

"ಹಂಗಾರ ಸೋಮವಾರ ಮಿರಜಕ್ಕೂ ನೀವ ಹೋಗ್ರಿ. ಎಳಸಿಕೊಂಡವ್ರು ನೀವು, ಕೊಯ್ಸಿಕೊಳ್ಳೂದೂ ನೀವ ಆಗಲಿ."

ಮರುದಿನ ಲಗಮಣ್ಣ ಹೊರಟ. ಒಬ್ಬನನ್ನೇ ಬಿಟ್ಟರೆ ದಾರಿಯಲ್ಲಿ ಮಾತು ಬದಲಾಗುತ್ತದೆ ಅಂತ ನಾನೂ ಹತ್ತಿದೆ. ದಾರಿಯುದ್ದಕ್ಕೂ ಅವನು ಕಿಡಕಿಯ ಹೊರಗೆ ನೋಡುತ್ತಾ ಕುಳಿತಿದ್ದ. ದವಾಖಾನೆಯಲ್ಲಿ ಪಾಳಿ ಬರುವವರೆಗೂ ಕೂತು, ಡಾಕ್ಟರ ಎದುರು ನಿಂತು ಟೊಪ್ಪಿಗೆ ತೆಗೆದು, "ಅದು ಏನಂದ್ರ ಸಾಹೇಬ್ರ, ಮನ್ಯಾಕಿ ನಾಕ ಸಲ ಮಲಗ್ಯಾಳ್ರಿ. ಉಳದದ್ದು ನಾವ ಮಲಗೇವ್ರಿ," ಎಂದ.

ಡಾಕ್ಟರಿಗೆ ಮೊದಲು ತಿಳಿಯಲಿಲ್ಲ. "ನಾವು ಅಂದ್ರ ಯಾರು?"

"ನಾನ್ರಿ. ನಮ್ಮಪ್ಪ ರಿ. ಕಿರಾಣಿ ಅಂಗಡಿ ಹಣಮಂತಪ್ಪ ರಿ. ರಾಮದುರ್ಗದ ಬಸ್ಸಿನ ಡ್ರೈವರ್ ಶಟ್ಟೆಪ್ಪ ರಿ. ಸಂಪಗಾಂವದವ್ರು ಹೆಸರ ಗೊತ್ತಿಲ್ರಿ..."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಣಮಂತಪ್ಪಂದು ನಡಾ ಹೆಂಗೈತಿ ಈಗ?"

"ಭಾಳ ಫಾಯದೆ ಆತ್ರಿ ಸಾಹೇಬ್ರ," ಎಂದ ಲಗಮಣ್ಣ, ಮುಖ ಅರಳಿಸಿ.

ಆಮೇಲೆ ಡಾಕ್ಟರು ಅಂದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೊರಗೆ ಬಾಕಿನ ಮೇಲೆ ಕುಳಿತ ರೋಗಿಗಳೆಲ್ಲಾ ಎದ್ದು ನಿಂತು ಒಳಗೆ ನೋಡಿದರು. ಅರ್ಧ ಬೈಗುಳ ನನಗೂ ಬಂತು, ನಾನು ಮಂಚ ಮಾಡಿದವನು ಅಂತ ಗೊತ್ತಾದ ಮೇಲೆ. ಆ ಅರ್ಧ ನನ್ನದೇ ಆಗಿತ್ತು, ತೆಗೆದುಕೊಂಡೆ.

ಊರಿಗೆ ಬಂದಾಗ ಬಿಸಿಲು ಇಳಿದಿತ್ತು. ಗಂಗಪ್ಪಜ್ಜ ಕಟ್ಟೆಯ ಮೇಲೇ ಇದ್ದ. ಸೊಸೆಯ ಕೂಡ ಮಾತು ಬಿಟ್ಟು ಒಂದು ದಿನವಾಗಿತ್ತು, ಇನ್ನೂ ಎಷ್ಟು ದಿನವೋ. ಕೆಂಪವ್ವ ಹೊಸ್ತಿಲ ಒಳಗೆ ಬಾಗಿಲು ಹಿಡಿದು ನಿಂತಿದ್ದಳು, ಹಿಂದೆ ಕೃಷ್ಣವ್ವ.

"ಏನಂದ್ರು?"

"ಬೈದ್ರು," ಎಂದ ಲಗಮಣ್ಣ.

"ಬಯ್ಯಲಿ. ಮತ್ತ?"

"ಮಿರಜದ ಚೀಟಿ ಹೊಳ್ಳಿ ಇಸಗೊಂಡ್ರು. ಇನ್ನೊಮ್ಮಿ ಇಪ್ಪತ್ತೊಂದ ದಿನಾ ಎಳಸಿ ನೋಡೂಣು ಅಂದಾರ. ಎರಡ ಹೊತ್ತು."

"ಯಾರಿಗೆ?" ಎಂದು ಕೇಳಿದಳು ಕೆಂಪವ್ವ.

ಲಗಮಣ್ಣ ನನ್ನನ್ನು ನೋಡಿದ. ನಾನು ಅವನಿಗೆ ಸಹಾಯ ಮಾಡಲಿಲ್ಲ.

"ನಿನಗ," ಎಂದ.

ಅವಳು ತಲೆಯಾಡಿಸಿ ಬಾಗಿಲು ಮುಂದೆ ಮಾಡಿದಳು. ಒಳಗಿನಿಂದ ಚಿಲಕ ಬಿತ್ತು. ಸಂಜೆಯ ಅರ್ಧ ತಾಸು ಶುರುವಾಯಿತು. ಲಗಮಣ್ಣ ಕೈಯಲ್ಲಿ ಚೀಲ, ಹೆಗಲ ಮೇಲೆ ಬೆಳಗಾವಿಯ ಧೂಳು, ಹೊರಗೇ ನಿಂತ.

"ನನ್ನ ಮನಿ ಬಾಗಲಾ ನನಗ ಹಾಕತಾರ," ಎಂದು ಗಂಗಪ್ಪಜ್ಜ ಕೋಲಿನಿಂದ ಕಟ್ಟೆ ಕುಟ್ಟಿದ. "ಏನ ಲಗಮ್ಯಾ, ಗಂಡಸ ಹೌದಿಲ್ಲೋ? ಬಡಿ ಬಾಗಲಾ!"

ಲಗಮಣ್ಣ ಬಡಿಯಲಿಲ್ಲ. ಚೀಲ ಕೆಳಗಿಟ್ಟು ಅಪ್ಪನ ಪಕ್ಕದಲ್ಲಿ ಕುಳಿತ.